ಹನ್ನೆರಡಾದ ಮೇಲೆ ಬರುವ ಕೋಣೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಗೇಟಿನ ವಾಚ್‌ಮನ್ ಹೊದಿಕೆಯೊಳಗಿಂದ ಒಂದು ಕೈ ಮಾತ್ರ ಹೊರಗೆ ಚಾಚಿ ಬೀಗದ ಕೈ ಕೊಡುತ್ತಾರೆ. ಕಣ್ಣು ಬಿಡುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಇಷ್ಟು ಹೊತ್ತಿಗೆ ಬರುವವರು ಒಬ್ಬರೇ ಎಂದು ಅವರಿಗೆ ಗೊತ್ತು.

ಆ ಒಬ್ಬರು ಉದ್ದನೆಯ ಪಡಸಾಲೆಯಲ್ಲಿ ಚಪ್ಪಲಿ ಸದ್ದು ಮಾಡುತ್ತಾ ನಡೆಯುತ್ತಾರೆ. ಎಡಗಡೆಗೆ ಸಾಲಾಗಿ ತರಗತಿಗಳು. ಪ್ರತಿ ಬಾಗಿಲ ಮೇಲೂ ನೀಲಿ ಪೇಂಟಿನಲ್ಲಿ ನಂಬರ್, ಒಂದರಿಂದ ಹನ್ನೆರಡರವರೆಗೆ. ಹನ್ನೆರಡು ಮುಗಿದ ಮೇಲೆ ಇನ್ನೊಂದು ಬಾಗಿಲಿದೆ, ಅದರ ಮೇಲೆ ಏನೂ ಇಲ್ಲ. ಅವರು ಸೆರಗಿನ ಗಂಟಿನಿಂದ ಒಂದು ತುಂಡು ಚಾಕ್ ತೆಗೆದು, ಕಾಲ ಬೆರಳ ಮೇಲೆ ನಿಂತು, ಬಾಗಿಲಿನ ಮೇಲ್ಭಾಗದಲ್ಲಿ 13 ಎಂದು ಬರೆಯುತ್ತಾರೆ. ನಿನ್ನೆ ಬೆಳಿಗ್ಗೆಯೂ ಬರೆದಿದ್ದರು. ಸಂಜೆ ಕಸ ಗುಡಿಸುವ ಅಮ್ಮ ಮಕ್ಕಳ ಕಿತಾಪತಿ ಎಂದುಕೊಂಡು ಒರೆಸಿ ಹಾಕಿದ್ದಾರೆ. ಇವರು ಅವರಿಗೆ ಏನೂ ಹೇಳಲು ಹೋಗಿಲ್ಲ. ಹೇಳಿದರೆ ಯಾಕೆ ಎಂದು ವಿವರಿಸಬೇಕು, ವಿವರಿಸಹೊರಟರೆ ಇಬ್ಬರ ತಲೆಯೂ ಕೆಡುತ್ತದೆ.

ಮಕ್ಕಳು ಇವರನ್ನು ಕರೆಯುವುದು 'ಇನ್ನೊಂದ್ಸಲ ಟೀಚರ್' ಎಂದು. ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಬೇರೆ ಬೇರೆ ತರಗತಿಗಳಿಂದ ಒಂದೊಂದು ಪೀರಿಯಡ್ ಇವರ ಬಳಿ ಕಳಿಸುತ್ತಾರೆ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಮಕ್ಕಳು ಬಂದು ಹೋಗುತ್ತಾರೆ. ಮಗು ತಪ್ಪು ಉತ್ತರ ಹೇಳಿದರೆ ಇವರು ತಪ್ಪು ಎನ್ನುವುದಿಲ್ಲ, ಸರಿ ಉತ್ತರವನ್ನೂ ಹೇಳುವುದಿಲ್ಲ. "ನಂಗರ್ಥ ಆಗ್ಲಿಲ್ಲ ಕಣೋ, ಇನ್ನೊಂದ್ಸಲ ಹೇಳು" ಎನ್ನುತ್ತಾರೆ. ನಾಟಕವಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರುವುದಿಲ್ಲ.

"ಲೆಕ್ಕ ಅಂದ್ರೆ ನಂಗೂ ಅಷ್ಟಕ್ಕಷ್ಟೇ," ಎಂದು ಅವರು ಡೆಸ್ಕಿನ ಧೂಳು ಒರೆಸುತ್ತಾ ನಗುತ್ತಾರೆ. "ಸ್ಕೂಲಲ್ಲಿದ್ದಾಗ ಬೆಂಚ್ ಮೇಲೆ ನಿಂತಿದ್ದೇ ಹೆಚ್ಚು. ಕಳೆಯೋ ಲೆಕ್ಕದಲ್ಲಿ ಪಕ್ಕದ ಮನೆಯಿಂದ ಹತ್ತು ತಗೋ ಅಂತಿದ್ರಲ್ಲ, ಪಕ್ಕದ ಮನೆಯವರನ್ನ ಕೇಳ್ಬೇಡ್ವಾ ಸಾರ್ ಅಂದಿದ್ದೆ. ಇಡೀ ಕ್ಲಾಸು ನಕ್ಕಿತು. ನಾನು ತಮಾಷೆ ಮಾಡಿರ್ಲಿಲ್ಲ."

ಅಂಥವರು ಗಣಿತ ಹೇಳಿಕೊಡಲು ಬಂದದ್ದೇ ಒಂದು ಎಡವಟ್ಟು. ಯಾರದೋ ಹೆರಿಗೆ ರಜೆಗೆ ಬದಲಿ ಟೀಚರ್ ಆಗಿ ಇವರು ಶಾಲೆಗೆ ಕಾಲಿಟ್ಟರು. ಆ ಟೀಚರ್ ರಜೆ ಮುಗಿಸಿ ವಾಪಸ್ ಬಂದರು. ಅವರ ಮಗುವೂ ಬೆಳೆದು ಇದೇ ಶಾಲೆಗೆ ಸೇರಿತು. ಇವರನ್ನು ಇನ್ನು ಹೊರಡಿ ಎನ್ನಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಇವರಿಗೆಂದು ಕುರ್ಚಿ ಇಲ್ಲ. ಇರುವುದು ಈ ಸ್ಟೋರ್ ರೂಮು: ಕಾಲು ಮುರಿದ ಡೆಸ್ಕುಗಳು, ಗಾಳಿ ಹೋದ ಫುಟ್‌ಬಾಲು, ಒಂದು ಕೈ ಕಳೆದುಕೊಂಡ ಪ್ಲಾಸ್ಟಿಕ್ ಅಸ್ಥಿಪಂಜರ. ಅದರ ಪಕ್ಕೆಲುಬು ಎಣಿಸಿಯೇ ಕೂಡಿಸುವುದನ್ನು ಕಲಿತ ಮಕ್ಕಳಿದ್ದಾರೆ. ಮೊದಲು ಹೆದರಿ ಅತ್ತವರೇ ಆಮೇಲೆ ಅದರ ಭುಜಕ್ಕೆ ಬ್ಯಾಗು ನೇತು ಹಾಕುತ್ತಾರೆ.

ಇಷ್ಟೆಲ್ಲ ಹೇಳಿ ಗುಬ್ಬಿಯ ವಿಷಯ ಹೇಳದಿದ್ದರೆ ಬಾಗಿಲ ಮೇಲಿನ ಆ ಚಾಕ್ ಯಾಕೆ ಎಂದು ತಿಳಿಯುವುದಿಲ್ಲ.

ಗುಬ್ಬಿ ಎಂದರೆ ಮೂರನೇ ತರಗತಿಯ ಹುಡುಗಿ. ಸಣ್ಣ ದೇಹ, ದೊಡ್ಡ ಬ್ಯಾಗು, ಬಾಯಲ್ಲಿ ಮಾತಿಲ್ಲ. ಓದುವುದರಲ್ಲಿ ಚುರುಕು, ಬರವಣಿಗೆ ಮುತ್ತು ಪೋಣಿಸಿದ ಹಾಗೆ. ಲೆಕ್ಕಕ್ಕೆ ಬಂದರೆ ಮಾತ್ರ ಏನೋ ಆಗುತ್ತಿತ್ತು. ಆರಕ್ಕೆ ಆರು ಕೂಡಿಸಿದರೆ ಹನ್ನೆರಡು ಎಂದು ಥಟ್ಟನೆ ಹೇಳುವಳು. ಏಳಕ್ಕೆ ಏಳು ಕೂಡಿಸಿದರೆ ಹದಿನೈದು ಎನ್ನುವಳು. ಹದಿನೈದಕ್ಕೆ ಮೂರು ಕೂಡಿಸಿದರೆ ಹದಿನೆಂಟು, ಅದು ಸರಿ. ಹತ್ತಕ್ಕೆ ಮೂರು ಕೂಡಿಸಿದರೆ ಹದಿನಾಲ್ಕು, ಅದು ತಪ್ಪು. ಕಳೆಯುವುದರಲ್ಲೂ ಅದೇ ಪಾಡು. ಹದಿನೆಂಟರಲ್ಲಿ ನಾಲ್ಕು ಹೋದರೆ ಹದಿನಾಲ್ಕು ಎಂದು ಸರಿಯಾಗಿ ಹೇಳಿದವಳು, ಹದಿನಾಲ್ಕರಲ್ಲಿ ಮೂರು ಹೋದರೆ ಹತ್ತು ಎನ್ನುವಳು.

ಟೀಚರ್ ಬಾಟಲಿಯ ಮುಚ್ಚಳಗಳನ್ನು ಮುಂದೆ ಸುರಿದರು. ಒಂದೊಂದನ್ನೇ ಮುಟ್ಟಿ ಎಣಿಸು ಎಂದರೆ ಎಲ್ಲಾ ಸರಿ, ತರಗತಿಯಲ್ಲಿ ಎಲ್ಲರೂ ರಾಗವಾಗಿ ಹೇಳುವ ಹಾಗೆಯೇ ನೂರರ ತನಕ ಒಪ್ಪಿಸುತ್ತಾಳೆ. ಮುಚ್ಚಳ ಎತ್ತಿಟ್ಟು ಮನಸ್ಸಲ್ಲೇ ಮಾಡು ಎಂದರೆ ಮತ್ತೆ ಅದೇ ಹದಿನೈದು. ಬೆರಳಲ್ಲಿ ಏನಾದರೂ ತೊಡಕಿದೆಯೇ ಎಂದು ಎರಡೂ ಕೈ ಹಿಡಿದು ನೋಡಿದರು. ಐದೈದೇ ಇದ್ದವು.

"ತಲೆಗೆ ಹುಳ ಬಿಟ್ಟ ಹಾಗಾಯ್ತು," ಎನ್ನುತ್ತಾರೆ ಟೀಚರ್. "ಏನೂ ಗೊತ್ತಿಲ್ಲದ ಮಗು ಅಂದ್ರೆ ಎಲ್ಲಾ ತಪ್ಪಾಗ್ಬೇಕು. ಗೊತ್ತಿರೋ ಮಗು ಅಂದ್ರೆ ಎಲ್ಲಾ ಸರಿಯಾಗ್ಬೇಕು. ಇವಳು ಎರಡೂ ಅಲ್ಲ. ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಕೇಳಿ ಕೇಳಿ ನಂಗೇ ಏಳೂ ಏಳೂ ಎಷ್ಟು ಅಂತ ಅನುಮಾನ ಶುರುವಾಯ್ತು."

ಇನ್ನೊಂದು ವಿಚಿತ್ರವೂ ಇತ್ತು. ಲೆಕ್ಕ ಕೊಟ್ಟ ಕೂಡಲೇ ಗುಬ್ಬಿಯ ಕಣ್ಣು ಬಾಗಿಲಿನ ಮೇಲಕ್ಕೆ ಹೋಗುತ್ತಿತ್ತು. ಹೆಬ್ಬೆರಳು ತೊಡೆಯ ಮೇಲೆ ಒಂದೊಂದೇ ಸಲ ಒತ್ತುತ್ತಿತ್ತು. ಮೂರನೇ ತರಗತಿಯ ಬಾಗಿಲ ಮೇಲೆ ಗಡಿಯಾರ ಇರುವುದರಿಂದ, ಇವಳು ಬೆಲ್ ಹೊಡೆಯುವುದನ್ನೇ ಕಾಯುತ್ತಾಳೆ ಎಂದು ಗಣಿತದ ಮೇಷ್ಟ್ರು ತೀರ್ಮಾನಿಸಿದರು. ಸರಿ ಬಂದ ಉತ್ತರಗಳೆಲ್ಲ ಪಕ್ಕದವರದು ನೋಡಿ ಹೇಳಿದ್ದು ಎಂಬುದು ಅವರ ಎರಡನೇ ತೀರ್ಮಾನ. ಮೇಷ್ಟ್ರು ಕೆಟ್ಟವರಲ್ಲ. ತುಂಬಿದ ತರಗತಿಯಲ್ಲಿ ಅವರಿಗೂ ಬೇರೇನೂ ತೋಚಿರಲಿಕ್ಕಿಲ್ಲ.

ವಿಷಯ ಹೆಡ್‌ಮೇಡಂ ತನಕ ಹೋಯಿತು. ಸೋಮವಾರದಿಂದ ಗಣಿತದ ಪೀರಿಯಡ್‌ಗೆ ಗುಬ್ಬಿ ಒಂದನೇ ತರಗತಿಗೆ ಹೋಗಿ ಕೂರಲಿ ಎಂದು ಅವರು ಹೇಳಿಬಿಟ್ಟರು. ಒಂದನೇ ತರಗತಿಯಲ್ಲಿ ಗುಬ್ಬಿಯ ತಮ್ಮನಿದ್ದಾನೆ. ಅಕ್ಕ ತನ್ನ ಕ್ಲಾಸಿಗೆ ಬರುತ್ತಾಳೆ ಎಂದು ತಿಳಿದು ಅವನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ತನ್ನ ಬೆಂಚಿನಲ್ಲಿ ಅರ್ಧ ಜಾಗ ಖಾಲಿ ಮಾಡಿ, ಯಾರೂ ಕೂರದಂತೆ ನೀರಿನ ಬಾಟಲಿ ಅಡ್ಡ ಇಟ್ಟ. ಗುಬ್ಬಿ ಅದನ್ನು ಕಿಟಕಿಯಿಂದ ನೋಡಿದಳು. ಆವತ್ತು ಸ್ಟೋರ್ ರೂಮಿಗೆ ಬಂದವಳು ಪೀರಿಯಡ್ ಮುಗಿಯುವ ತನಕ ತಲೆ ಎತ್ತಲಿಲ್ಲ.

ಟೀಚರ್ ಹೆಡ್‌ಮೇಡಂ ಮುಂದೆ ಹೋಗಿ ನಿಂತರು. ಏನು ಕೇಳಬೇಕೆಂದು ಅವರಿಗೇ ಸ್ಪಷ್ಟವಿರಲಿಲ್ಲ. "ಮಗುವಿಗೆ ಏನೋ ಗೊತ್ತಿದೆ ಮೇಡಂ, ಏನು ಅಂತ ನಂಗೊತ್ತಾಗ್ತಿಲ್ಲ" ಎಂದಷ್ಟೇ ಹೇಳಿದರು. ಹೆಡ್‌ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಶನಿವಾರ ಬಾಯಿಲೆಕ್ಕ ಕೇಳಿ ನೋಡೋಣ, ಆಗದಿದ್ದರೆ ಸೋಮವಾರದಿಂದ ಕೆಳಗೆ, ಈ ಮಾತನ್ನು ನೀವೇ ಹೋಗಿ ತಾಯಿಗೆ ತಿಳಿಸಿ ಬನ್ನಿ ಎಂದರು.

ಹೀಗೆ ಗುರುವಾರ ಶಾಲೆ ಬಿಟ್ಟ ಮೇಲೆ ಟೀಚರ್ ಎರಡೂ ಮಕ್ಕಳ ಜೊತೆ ಅವರ ತಾಯಿ ಕೆಲಸ ಮಾಡುವ ಕಟ್ಟಡಕ್ಕೆ ನಡೆದರು. ಆಕೆ ಒಂದು ಎತ್ತರದ ಆಫೀಸ್ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಾರೆ. ಹುಡುಗನಿಗೆ ಲಿಫ್ಟಿನಲ್ಲಿ ತಲೆ ಸುತ್ತುತ್ತದೆ, ಹಾಗಾಗಿ ಅವನು ಸಂಜೆಯೆಲ್ಲ ಕೆಳಗೆ ಸೆಕ್ಯೂರಿಟಿ ಮಾಮನ ಹತ್ತಿರ. ಗುಬ್ಬಿ ಮಾತ್ರ ಹಾಲು ಕುಡಿಯುವ ಕೂಸಾಗಿದ್ದಾಗಿನಿಂದಲೂ ತಾಯಿಯ ಸ್ಟೂಲಿನ ಪಕ್ಕದಲ್ಲೇ ಬೆಳೆದವಳು.

ಲಿಫ್ಟಿನೊಳಗೆ ಜನ ಕಿಕ್ಕಿರಿದಿದ್ದರು. ಮಾತಾಡಲು ಪುರುಸೊತ್ತು ಸಿಗುವ ತನಕ ಟೀಚರ್ ಒಂದು ಮೂಲೆಯಲ್ಲಿ ಒತ್ತಿಕೊಂಡು ನಿಂತರು. ತಾಯಿ ಬಟನ್ ಒತ್ತುತ್ತಾ ಪ್ರತಿ ಮಹಡಿಯ ನಂಬರನ್ನೂ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು. ಗುಬ್ಬಿ ಕತ್ತೆತ್ತಿ ಬಾಗಿಲಿನ ಮೇಲೆ ನೋಡುತ್ತಿದ್ದಳು. ಅಲ್ಲಿ ನಂಬರುಗಳು ಸಾಲಾಗಿ, ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತಿದ್ದವು. ಟೀಚರ್ ಕೂಡ ನೋಡಿದರು. ಹತ್ತು, ಹನ್ನೊಂದು, ಹನ್ನೆರಡು, ಹದಿನಾಲ್ಕು.

"ಒಂದು ಕ್ಷಣ ನಾನೇ ಕಣ್ಣು ಮಿಟುಕಿಸಿಬಿಟ್ಟೆ ಅಂದ್ಕೊಂಡೆ," ಎಂದು ಅವರು ನೆನೆಯುತ್ತಾರೆ. "ಕೆಳಗೆ ಹೋಗಿ ಮತ್ತೆ ಮೇಲೆ ಬಂದ್ವಿ. ಮತ್ತೆ ಹನ್ನೆರಡು, ಹದಿನಾಲ್ಕು. ಅಕ್ಕಪಕ್ಕದವರನ್ನ ನೋಡಿದೆ. ಯಾರಿಗೂ ಏನೂ ಅನ್ನಿಸ್ತಿಲ್ಲ."

ಜನ ಇಳಿದ ಮೇಲೆ ತಾಯಿಯನ್ನು ಕೇಳಿದರು. ಆಕೆಗೆ ಇದು ಹೇಳಬೇಕಾದ ವಿಷಯವೆಂದೇ ಅನ್ನಿಸಿರಲಿಲ್ಲ. "ಹದಿಮೂರು ಅಂದ್ರೆ ಬಾಡಿಗೆಗೆ ಯಾರೂ ಬರಲ್ವಂತೆ ಮೇಡಂ, ಒಳ್ಳೇದಲ್ಲ ಅಂತಾರೆ. ಅದಕ್ಕೆ ಕಟ್ಟಿಸಿದವರು ಆ ನಂಬರೇ ಬಿಟ್ಟಿದಾರೆ. ಮೊದಮೊದಲು ನಂಗೂ ಬಾಯಿ ತಪ್ಪೋದು. ಈಗ ಅಭ್ಯಾಸ ಆಗಿದೆ."

ಟೀಚರ್ ಗುಬ್ಬಿಯ ಕಡೆ ತಿರುಗಿದರು. "ಹದಿಮೂರು ಇಲ್ವೇನೇ ಪುಟ್ಟ?"

ಗುಬ್ಬಿ ಇಷ್ಟು ದಿನದಲ್ಲಿ ಮೊದಲ ಸಲ ಉದ್ದವಾಗಿ ಮಾತಾಡಿದಳು. "ಇದೆ ಟೀಚರ್. ಕ್ಲಾಸಲ್ಲಿ ಎಲ್ಲರೂ ಹೇಳ್ತಾರಲ್ಲ. ಆದ್ರೆ ಅಲ್ಲಿ ಇಳಿಯೋಕಾಗಲ್ಲ."

ಆಗ ಟೀಚರ್ ಮಾಡಿದ ತಪ್ಪನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಗೊತ್ತಾದ ಖುಷಿಯಲ್ಲಿ ಹಿಂದೆಮುಂದೆ ನೋಡದೆ ಮಗುವಿನ ಕೈ ಹಿಡಿದು, ಹನ್ನೆರಡನೇ ಮಹಡಿಯಲ್ಲಿ ಇಳಿದು ಅಲ್ಲಿಂದ ಮೇಲಕ್ಕೆ ಮೆಟ್ಟಿಲು ಹತ್ತಿಸಿದರು. ನೋಡು, ಮುಂದಿನದೇ ಹದಿಮೂರು, ಇವರು ಸುಮ್ಮನೆ ಹದಿನಾಲ್ಕು ಅಂತ ಬರೆದಿದ್ದಾರೆ ಎಂದರು. ಗುಬ್ಬಿ ಗೋಡೆಯ ಮೇಲಿನ 14 ನೋಡಿದಳು.

"ಹಾಗಾದ್ರೆ ಹದಿನಾಲ್ಕು ಎಲ್ಲಿ?"

"ಅವರು ಹದಿನೈದು ಅಂತಾರಲ್ಲ, ಅದು."

"ಹದಿನೈದು?"

"ಹದಿನಾರು ಅಂತಾರಲ್ಲ, ಅಲ್ಲಿ."

ಹೀಗೇ ಹೋಗಿ ಕೊನೆಯ ಮಹಡಿ ಹದಿನೆಂಟಕ್ಕೆ ಬಂದರು. ಹಾಗಾದರೆ ನಿಜವಾದ ಹದಿನೆಂಟು ಎಲ್ಲಿ ಎಂದರೆ ಟೀಚರಿಗೆ ಕೈ ತೋರಿಸಲು ಉಳಿದದ್ದು ತಾರಸಿಯ ನೀರಿನ ಟ್ಯಾಂಕು ಮಾತ್ರ. ಅಷ್ಟರಲ್ಲಿ ನೆಲಮಹಡಿಯನ್ನು ಎಣಿಸಬೇಕೋ ಬೇಡವೋ ಎಂಬ ಗೊಂದಲವೂ ಸೇರಿಕೊಂಡು ಅವರು ಪೂರ್ತಿ ತಬ್ಬಿಬ್ಬಾದರು. ಲಿಫ್ಟ್ ಮೇಲೆ ಬಂತು, ಬಾಗಿಲು ತೆರೆಯಿತು, ತಾಯಿ ಎಂದಿನಂತೆ ಹದಿನೆಂಟು ಎಂದು ಕೂಗಿದರು. ಗುಬ್ಬಿ ಟೀಚರ್ ಕೈ ಬಿಟ್ಟಳು.

"ಅಮ್ಮ ದಿನಾ ಸುಳ್ಳು ಹೇಳ್ತಾಳಾ ಟೀಚರ್?"

ತಾಯಿಯ ಮುಖ ಸಪ್ಪಗಾಯಿತು. "ನಾನ್ಯಾಕೆ ಸುಳ್ಳು ಹೇಳ್ಲಿ ಮಗಳೇ? ಹದಿನೆಂಟು ಅಂದವರನ್ನ ಹದಿನೆಂಟಕ್ಕೇ ಬಿಡ್ತೀನಲ್ಲ" ಎಂದರು. ಟೀಚರಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಮಗುವಿಗೆ ಲೆಕ್ಕ ಹೇಳಿಕೊಡಲು ಹೋಗಿ ಅದರ ತಾಯಿಯನ್ನೇ ಸುಳ್ಳುಗಾತಿ ಮಾಡಿ ಬಂದಿದ್ದರು. ಶನಿವಾರದ ವಿಷಯವನ್ನು ಹೇಗೋ ತೊದಲುತ್ತಾ ತಿಳಿಸಿ ಮನೆ ಸೇರಿದರು.

ಮನೆಯಲ್ಲಿ ಅವರ ಅತ್ತೆ ಇದ್ದಾರೆ. ದಿನಾ ಸಂಜೆ ಸೊಸೆ ಬಂದ ಕೂಡಲೇ "ಇವತ್ತು ಯಾರು ತಲೆ ತಿಂದ್ರೇ?" ಎಂದು ಕೇಳುವುದು ಅವರ ವಾಡಿಕೆ. ಆವತ್ತು ಟೀಚರ್ ಎಲ್ಲವನ್ನೂ ಹೇಳಿಕೊಂಡರು. ಒಂದು ನಂಬರ್ ಇದೆ, ಆದರೆ ಎಣಿಸುವುದಿಲ್ಲ, ಇದನ್ನು ಮಗುವಿಗೆ ಹೇಗಪ್ಪಾ ಹೇಳಲಿ ಎಂದರು. ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಯಾರಾದ್ರೂ ಕೇಳಿದ್ರೆ ನಂಗೆ ಮೂರು ಮಕ್ಕಳು ಅಂತೀನಿ," ಎಂದರು. "ಹೆತ್ತಿದ್ದು ನಾಲ್ಕು. ನಿನ್ನ ಗಂಡನಿಗಿಂತ ಮುಂಚೆ ಒಂದಿತ್ತು, ಉಳೀಲಿಲ್ಲ. ಬೇರೆಯವರಿಗೆ ಹೇಳೋವಾಗ ಅದನ್ನ ಬಿಟ್ಟು ಎಣಿಸ್ತೀನಿ. ಅದೇನು ಸುಳ್ಳಲ್ಲ. ಮನಸ್ಸಲ್ಲಿ ಎಣಿಸೋವಾಗ ಬಿಡಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಟೀಚರಿಗೆ ಇದು ಗೊತ್ತಿರಲಿಲ್ಲ. ಅವರು ಅತ್ತೆಯ ಪಕ್ಕ ಕೂತು ಇನ್ನೊಂದು ಚಾಕು ತೆಗೆದುಕೊಂಡು ತಾವೂ ಹೆಚ್ಚತೊಡಗಿದರು. ಈಗ ಇದನ್ನು ಹೇಳುವಾಗಲೂ ಟೀಚರ್ ಕಣ್ಣು ತುಂಬಿಕೊಳ್ಳುತ್ತದೆ. ಅತ್ತೆಯನ್ನು ಕೇಳಿಯೇ ಇಲ್ಲಿ ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ.

ಶುಕ್ರವಾರ ಗುಬ್ಬಿಯನ್ನು ಅಸ್ಥಿಪಂಜರದ ಪಕ್ಕ ಕೂರಿಸಿಕೊಂಡು ಹೇಳಿದರು: "ಅಮ್ಮ ಹೇಳೋದು ಲಿಫ್ಟಿನ ನಂಬರ್. ಅದು ಸರಿ, ಸುಳ್ಳಲ್ಲ. ಮೇಷ್ಟ್ರು ಕೇಳೋದು ಲೆಕ್ಕದ ನಂಬರ್. ಲಿಫ್ಟು ಹದಿಮೂರಲ್ಲಿ ನಿಲ್ಲಲ್ಲ. ಲೆಕ್ಕ ನಿಲ್ಲುತ್ತೆ. ಲೆಕ್ಕದಲ್ಲಿ ಹೋಗೋವಾಗ ನೀನೇ ನಿಲ್ಲಿಸಿ ಬಾಗಿಲು ತೆಗಿ."

"ಯಾರೂ ಇಳಿಯಲ್ವಲ್ಲ, ಯಾಕೆ ತೆಗೀಬೇಕು?"

"ಅದು ಅಲ್ಲಿದೆ ಅಂತ ಗೊತ್ತಾಗೋಕೆ."

ಗುಬ್ಬಿ ಬಾಗಿಲಿನ ಮೇಲೆ ನೋಡುತ್ತಾ ಹೆಬ್ಬೆರಳು ಒತ್ತಿದಳು. ಕೆಲವು ಸಲ ಸರಿಯಾಗಿ ನಿಲ್ಲಿಸಿದಳು. ಕೆಲವು ಸಲ ಹದಿಮೂರು ದಾಟಿ ಹೋಗಿ ವಾಪಸ್ ಇಳಿದಳು. ಒಂದು ಸಲ ಹದಿನಾಲ್ಕರಲ್ಲೇ ಎರಡು ಸಲ ನಿಲ್ಲಿಸಿ ಟೀಚರ್ ಮುಖ ನೋಡಿದಳು. ಬೆಲ್ ಹೊಡೆಯುವ ಹೊತ್ತಿಗೆ ಇಬ್ಬರಿಗೂ ಸುಸ್ತಾಗಿತ್ತು. ನಾಳೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಶನಿವಾರ ಹೆಡ್‌ಮೇಡಂ ಮೂರನೇ ತರಗತಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಇನ್ನೊಂದ್ಸಲ ಟೀಚರ್ ಬಾಗಿಲ ಹೊರಗೆ ನಿಂತರು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ, ಅವರಿಗೂ ಹೋಗಬೇಕೆಂದು ಹೊಳೆಯಲಿಲ್ಲ. ಪಕ್ಕದ ಕಿಟಕಿಯಲ್ಲಿ ತಮ್ಮನ ಮೂಗು ಕಂಬಿಗೆ ಒತ್ತಿಕೊಂಡಿತ್ತು.

"ಒಂಬತ್ತಕ್ಕೆ ನಾಲ್ಕು ಕೂಡಿಸಿದರೆ?" ಎಂದರು ಮೇಷ್ಟ್ರು.

ಗುಬ್ಬಿಯ ಕಣ್ಣು ಬಾಗಿಲ ಮೇಲಕ್ಕೆ ಹೋಯಿತು. "ಗಡಿಯಾರ ನೋಡ್ಬೇಡ, ನನ್ನ ನೋಡು" ಎಂದರು ಮೇಷ್ಟ್ರು. ಅವಳು ಕಣ್ಣಿಳಿಸಿದಳು. ಅಷ್ಟೇ, ಎಲ್ಲಾ ಕಲಸಿಹೋಯಿತು. ಹೆಬ್ಬೆರಳು ಒತ್ತದೆ ನಿಂತುಬಿಟ್ಟಿತು. ತರಗತಿಯಲ್ಲಿ ಯಾರೋ ಕಿಸಕ್ಕೆಂದರು.

"ನೋಡ್ಲಿ ಬಿಡಿ ಸಾರ್."

ಹೇಳಿದವರು ಯಾರೆಂದು ಎಲ್ಲರೂ ತಿರುಗಿ ನೋಡಿದರು. ಇನ್ನೊಂದ್ಸಲ ಟೀಚರ್ ಹೊಸ್ತಿಲಿನ ಒಳಗೆ ಬಂದಿದ್ದರು. ತಾವು ಯಾವಾಗ ಒಳಗೆ ಬಂದೆವೆಂದು ಅವರಿಗೂ ತಿಳಿದಿರಲಿಲ್ಲ. "ಗಡಿಯಾರ ಅಲ್ಲ ಸಾರ್ ಅವಳು ನೋಡೋದು. ಬಿಡಿ, ನೋಡ್ಲಿ" ಎಂದು ಮತ್ತೆ ಹೇಳಿದರು. ಮೇಷ್ಟ್ರು ಹೆಡ್‌ಮೇಡಂ ಕಡೆ ನೋಡಿದರು, ಹೆಡ್‌ಮೇಡಂ ತಲೆಯಾಡಿಸಿದರು.

ಗುಬ್ಬಿ ಮತ್ತೆ ಕತ್ತೆತ್ತಿದಳು. ಹೆಬ್ಬೆರಳು ಒತ್ತಿತು, ಒತ್ತಿತು, ಮೂರನೆಯದಾದ ಮೇಲೆ ತಡೆಯಿತು. ತುಂಬಾ ಹೊತ್ತು ತಡೆಯಿತು. ಕೊನೆಗೆ ಮೆಲ್ಲಗೆ ಇನ್ನೊಂದು ಸಲ ಒತ್ತಿತು.

"ಹದಿಮೂರು," ಎಂದಳು ಗುಬ್ಬಿ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಯಾರೂ ಇಳಿಯಲ್ಲ, ಆದ್ರೂ ಹದಿಮೂರು."

ಮೇಷ್ಟ್ರು ಕಕ್ಕಾಬಿಕ್ಕಿಯಾದರು. ಆದರೂ ಮುಂದೆ ಕೇಳಿದರು. ಏಳೂ ಏಳೂ ಹದಿನಾಲ್ಕು ಎಂದಳು. ಹದಿನಾಲ್ಕರಲ್ಲಿ ಮೂರು ಹೋದರೆ ಹನ್ನೊಂದು ಎಂದಳು. ಹದಿನೆಂಟರಲ್ಲಿ ನಾಲ್ಕು ಹೋದರೆ ಹದಿಮೂರು ಎಂದಳು. ಅದು ತಪ್ಪು, ಮೊದಲು ಸರಿಯಾಗಿ ಹೇಳುತ್ತಿದ್ದ ಲೆಕ್ಕ. ಹೆಡ್‌ಮೇಡಂ ಕುರ್ಚಿಯಿಂದ ಎದ್ದು, ಇಲ್ಲೇ ಇರಲಿ ಎಂದು ಮೇಷ್ಟ್ರಿಗೆ ಹೇಳಿ ಹೊರಟರು. ಕಿಟಕಿಯಲ್ಲಿದ್ದ ತಮ್ಮ ಮುಖ ಊದಿಸಿಕೊಂಡು ಹೋಗಿ, ಬೆಂಚಿನ ಮೇಲಿದ್ದ ನೀರಿನ ಬಾಟಲಿ ತೆಗೆದ.

ಪಡಸಾಲೆಯಲ್ಲಿ ಹೆಡ್‌ಮೇಡಂ ಇವರನ್ನು ನಿಲ್ಲಿಸಿ, ಮಗುವಿಗೆ ಏನಾಗಿತ್ತು ಎಂದು ಕೇಳಿದರು. ಟೀಚರ್ ಲಿಫ್ಟಿನಿಂದ ಶುರುಮಾಡಿ ನೀರಿನ ಟ್ಯಾಂಕಿನ ತನಕ ಹೋಗಿ, ಅಲ್ಲಿಂದ ಇಳಿಯಲು ದಾರಿ ಕಾಣದೆ ನಿಂತರು. "ಹಾಗಾದ್ರೆ ತಪ್ಪು ಕಟ್ಟಡದ್ದಾ, ಮಗುದಾ?" ಎಂದರು ಹೆಡ್‌ಮೇಡಂ. "ಯಾರದೂ ಅಲ್ಲ ಮೇಡಂ, ಅದೇ ತೊಂದರೆ" ಎಂದರು ಇವರು. ಹೆಡ್‌ಮೇಡಂ ಹಣೆ ಒತ್ತಿಕೊಳ್ಳುತ್ತಾ ಒಳಗೆ ಹೋದರು.

ಸೋಮವಾರ ಮಧ್ಯಾಹ್ನ ಟೀಚರ್ ಊಟ ಮುಗಿಸಿ ಬಂದಾಗ ಸ್ಟೋರ್ ರೂಮಿನ ಬಾಗಿಲ ಮೇಲೆ, ಒಂದು ಮಗುವಿನ ಕೈ ಎಟುಕುವಷ್ಟು ಎತ್ತರದಲ್ಲಿ, ಚಾಕಿನಲ್ಲಿ 13 ಎಂದು ಬರೆದಿತ್ತು. ಬರವಣಿಗೆ ಮುತ್ತು ಪೋಣಿಸಿದ ಹಾಗಿತ್ತು. ಸಂಜೆ ಅದು ಮಾಯವಾಯಿತು. ಮಾರನೆಯ ದಿನದಿಂದ ಟೀಚರ್ ತಾವೇ ಬರೆಯತೊಡಗಿದರು, ಸ್ವಲ್ಪ ಮೇಲೆ, ನಂಬರ್ ಇರಬೇಕಾದ ಜಾಗದಲ್ಲಿ.

ಸಂಬಳ ಹೆಚ್ಚಬೇಕೇ, ಸ್ಟಾಫ್ ರೂಮಿನಲ್ಲಿ ಕುರ್ಚಿ ಬೇಕೇ ಎಂದು ಕೇಳಿದರೆ ಅವರು ಯೋಚಿಸುತ್ತಾರೆ. ಬೇಡ ಎನ್ನುವಷ್ಟು ದೊಡ್ಡತನ ತಮಗಿಲ್ಲ ಎಂದು ನಗುತ್ತಾರೆ. "ಆದ್ರೆ ಮೊದಲು ನೀಲಿ ಪೇಂಟಲ್ಲಿ ಆ ನಂಬರ್ ಬರೆಸಿಕೊಟ್ರೆ ಸಾಕು. ಹೊಸ ಮಕ್ಕಳು ಹನ್ನೆರಡರ ತನಕ ಬಂದು, ಮುಂದೇನಿಲ್ಲ ಅಂದ್ಕೊಂಡು ವಾಪಸ್ ಹೋಗ್ಬಿಡ್ತಾರೆ. ಹೆಡ್‌ಮೇಡಂ ನೋಡೋಣ ಅಂದಿದಾರೆ."

ಬೆಲ್ ಹೊಡೆಯುತ್ತದೆ. ಟೀಚರ್ ಮುಚ್ಚಳಗಳನ್ನು ಡೆಸ್ಕಿನ ಮೇಲೆ ಸುರಿಯುತ್ತಾರೆ. ಹೊರಗೆ ಯಾವುದೋ ಪುಟ್ಟ ಮಗು, ಕೈಯಲ್ಲಿ ಸ್ಲೇಟು ಹಿಡಿದು, ಹನ್ನೆರಡನೇ ನಂಬರಿನ ಮುಂದೆ ದಿಕ್ಕು ತೋಚದೆ ನಿಂತಿದೆ. ಮೂರನೇ ತರಗತಿಯ ಸಾಲು ಅದೇ ದಾರಿಯಲ್ಲಿ ಆಟದ ಮೈದಾನಕ್ಕೆ ಹೊರಟಿದೆ. ಸಾಲಿನಿಂದ ಒಬ್ಬಳು ಪಕ್ಕಕ್ಕೆ ಸರಿದು ಮಗುವಿನ ಭುಜ ಹಿಡಿದು ತಿರುಗಿಸಿ, ಬಾಗಿಲ ಮೇಲೆ ಕೈ ತೋರಿಸುತ್ತಾಳೆ.

"ಹನ್ನೆರಡಾದ್ಮೇಲೆ ಹದಿಮೂರು. ಇಲ್ಲಿ ಇಳೀಬಹುದು," ಎಂದು ಹೇಳಿ ಗುಬ್ಬಿ ಸಾಲಿನ ಹಿಂದೆ ಓಡುತ್ತಾಳೆ.